ರೂಟ್ 66ರ ಪ್ರವಾಸಕ್ಕೆ ಖರ್ಚಿನ ಲೆಕ್ಕ ಹಾಕುವ ಬಗೆ

ಶಿಕಾಗೋ ನಗರದ ಆಡಮ್ಸ್ ಬೀದಿಯಿಂದ ಹೊರಟು ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ ಕಡಲತೀರದವರೆಗೆ ಎಂಟು ರಾಜ್ಯಗಳನ್ನು ಹಾಯ್ದು ಹೋಗುವ ಅಮೆರಿಕದ ಹಳೆಯ ಹೆದ್ದಾರಿ ರೂಟ್ 66ರ ಪ್ರವಾಸವನ್ನು ಯೋಜಿಸುವವರು ಸಾಮಾನ್ಯವಾಗಿ ಮೊದಲು ಕೇಳುವ ಪ್ರಶ್ನೆ, ಪೆಟ್ರೋಲಿಗೆ ಎಷ್ಟಾಗುತ್ತದೆ ಎಂಬುದು. ದೂರದ ಪ್ರಯಾಣವೆಂದ ಕೂಡಲೇ ಮನಸ್ಸು ಮೈಲಿಗಳನ್ನು ಎಣಿಸತೊಡಗುವುದು ಸಹಜವೇ. ಆದರೆ ಈ ಹೆದ್ದಾರಿಯ ಮಟ್ಟಿಗೆ ಪೆಟ್ರೋಲು ಒಟ್ಟು ಖರ್ಚಿನ ತೀರ ಸಣ್ಣ ಪಾಲು. ಖರ್ಚು ಏರುವುದೂ ಇಳಿಯುವುದೂ ನೀವು ರಸ್ತೆಯ ಮೇಲೆ ಕಳೆಯುವ ದಿನಗಳಿಗೆ ತಕ್ಕಂತೆ. ಆದ್ದರಿಂದ ಮೊದಲು ದಿನಗಳನ್ನು ಗೊತ್ತು ಮಾಡಿಕೊಂಡು, ಒಂದು ದಿನಕ್ಕೆ ತಗಲುವ ಖರ್ಚನ್ನು ಕಂಡುಕೊಂಡು, ಉಳಿದದ್ದನ್ನೆಲ್ಲ ಅದರ ಮೇಲೆ ಕಟ್ಟುತ್ತ ಹೋಗುವುದೇ ಸರಿಯಾದ ಕ್ರಮವೆಂದು ನಾನು ತಿಳಿದಿದ್ದೇನೆ.

ದಿನಗಳ ಲೆಕ್ಕ

1926ರ ನವೆಂಬರ್ 11ರಂದು ಸ್ಥಾಪನೆಯಾದ ಈ ಹೆದ್ದಾರಿಯ ಉದ್ದ 2,448 ಮೈಲಿ, ಅಂದರೆ ಸುಮಾರು 3,940 ಕಿಲೋಮೀಟರು. ಇದರ ಪಕ್ಕದಲ್ಲಿಯೇ ಮುಂದೆ ಇಂಟರ್‌ಸ್ಟೇಟ್ 55, 44, 40, 15 ಮತ್ತು 10 ಎಂಬ ಅಗಲವಾದ ವೇಗದ ರಸ್ತೆಗಳು ಬಂದು ಒಂದೊಂದೇ ಊರನ್ನು ಬದಿಗೆ ಸರಿಸಿದವು. 1984ರ ಅಕ್ಟೋಬರಿನಲ್ಲಿ ಅರಿಜೋನದ ವಿಲಿಯಮ್ಸ್ ಎಂಬ ಊರನ್ನು ಬಳಸಿ ಹೋಗುವ ಕೊನೆಯ ತುಂಡು ಸಿದ್ಧವಾಯಿತು, ಮರುವರ್ಷ ಜೂನ್ ತಿಂಗಳಲ್ಲಿ ರೂಟ್ 66ನ್ನು ಹೆದ್ದಾರಿಗಳ ಅಧಿಕೃತ ಪಟ್ಟಿಯಿಂದ ತೆಗೆದುಹಾಕಲಾಯಿತು. ಇಂದು ಉಳಿದಿರುವುದು ಎಡೆಬಿಡದ ಒಂದೇ ರಸ್ತೆಯಲ್ಲ. ಬಹುಪಾಲು ಹಳೆಯ ಮಾರ್ಗದಲ್ಲಿ ಈಗಲೂ ವಾಹನ ಓಡಿಸಬಹುದಾದರೂ, ಅದು ಅಲ್ಲಲ್ಲಿ ಕಡಿದುಹೋಗಿ, ಊರಿನ ಮುಖ್ಯಬೀದಿಯಾಗಿ, ಹೊಲಗಳ ನಡುವಿನ ಕಿರುದಾರಿಯಾಗಿ, ಕೆಲವೆಡೆ ಇಂಟರ್‌ಸ್ಟೇಟಿನ ಪಕ್ಕದ ಸೇವಾರಸ್ತೆಯಾಗಿ ಮುಂದುವರಿಯುತ್ತದೆ. ವೇಗದ ಮಿತಿ ಕಡಿಮೆ, ತಿರುವುಗಳು ಹೆಚ್ಚು, ನಿಲ್ಲಬೇಕೆನಿಸುವ ಜಾಗಗಳು ಇನ್ನೂ ಹೆಚ್ಚು.

ಈ ಕಾರಣದಿಂದ ದಿನಕ್ಕೆ ಸುಮಾರು 200 ಮೈಲಿಗಿಂತ ಹೆಚ್ಚು ಲೆಕ್ಕ ಹಿಡಿಯಬಾರದು. ಅರಿಜೋನದ ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯಂತಹ ಪಕ್ಕದ ಸ್ಥಳಗಳು, ದಾರಿ ತಪ್ಪಿ ಹಿಂದಿರುಗುವುದು, ಸಂಜೆ ಊಟಕ್ಕೆಂದು ಸುತ್ತಾಡುವುದು ಎಲ್ಲವೂ ಸೇರಿ 2,448 ಮೈಲಿಯ ಪ್ರಯಾಣ ಸುಲಭವಾಗಿ 3,000 ಮೈಲಿಗೆ ಮುಟ್ಟುತ್ತದೆ. ಹೀಗೆ ನೋಡಿದರೆ ಪೂರ್ತಿ ಹೆದ್ದಾರಿಗೆ ಎರಡು ವಾರ ಬೇಕು, ಅದೂ ಸ್ವಲ್ಪ ಬಿಗಿಯಾಗಿಯೇ.

ಒಂದು ಮಾದರಿ ಅಂದಾಜು

ಇಬ್ಬರು, ಒಂದು ಸಾಧಾರಣ ಬಾಡಿಗೆ ಕಾರು, 14 ದಿನ, ಹೊರಡುವ ಹಿಂದಿನ ರಾತ್ರಿಯೂ ಸೇರಿ 14 ರಾತ್ರಿ ಎಂದು ಇಟ್ಟುಕೊಳ್ಳೋಣ. ಇಲ್ಲಿನ ದರಗಳು ಲೆಕ್ಕದ ರೀತಿಯನ್ನು ತೋರಿಸಲು ನಾನು ಹಿಡಿದವು. ನಿಮ್ಮ ಪ್ರಯಾಣದ ತಿಂಗಳಿನ ನಿಜವಾದ ದರಗಳನ್ನು ನೋಡಿ ಆಯಾ ಜಾಗದಲ್ಲಿ ತುಂಬಿಕೊಳ್ಳಬೇಕು.

ಕಾರು ಒಂದು ಗ್ಯಾಲನ್ನಿಗೆ 30 ಮೈಲಿ ಓಡಿದರೆ 3,000 ಮೈಲಿಗೆ 100 ಗ್ಯಾಲನ್ ಬೇಕು. ಗ್ಯಾಲನ್ನಿಗೆ ಸರಾಸರಿ 3.50 ಡಾಲರ್ ಎಂದರೆ 350 ಡಾಲರ್ ಆಯಿತು. ಅಮೆರಿಕದ ಒಂದು ಗ್ಯಾಲನ್ ಎಂದರೆ ಸುಮಾರು 3.8 ಲೀಟರು. ಕಾರಿನ ಬಾಡಿಗೆ ತೆರಿಗೆ ಸೇರಿ ದಿನಕ್ಕೆ 60 ಡಾಲರಿನಂತೆ 840, ಒಂದೂರಿನಲ್ಲಿ ಪಡೆದು ಇನ್ನೊಂದೂರಿನಲ್ಲಿ ಬಿಡುವುದಕ್ಕೆ 400, ಒಟ್ಟು 1,240. ಕೋಣೆಗೆ ತೆರಿಗೆಯೂ ಸೇರಿ ರಾತ್ರಿಗೆ 105ರಂತೆ 1,470. ಊಟ ತಿಂಡಿಗೆ ತಲೆಗೆ ದಿನಕ್ಕೆ 50ರಂತೆ 1,400. ಪ್ರವೇಶ ಶುಲ್ಕಗಳಿಗೆ 400. ಪಾರ್ಕಿಂಗ್, ಟೋಲ್, ಬಟ್ಟೆ ಒಗೆಯುವ ಯಂತ್ರದ ನಾಣ್ಯ ಮುಂತಾದವುಗಳಿಗೆ 200. ಎಲ್ಲವೂ ಕೂಡಿ 5,060 ಡಾಲರ್. ಇದರ ಮೇಲೆ ಆಕಸ್ಮಿಕಗಳಿಗೆಂದು 600 ಡಾಲರನ್ನು ಬೇರೆಯಾಗಿ ಇಟ್ಟುಕೊಂಡರೆ 5,660 ಆಗುತ್ತದೆ. ವಿಮಾನದ ಟಿಕೆಟ್ಟು, ಕಾರಿನ ವಿಮೆ ಇದರಲ್ಲಿ ಸೇರಿಲ್ಲ.

ಈ ಮೊತ್ತದಲ್ಲಿ ಪೆಟ್ರೋಲಿನ ಪಾಲು ನೂರಕ್ಕೆ ಏಳು ಮಾತ್ರ ಎಂಬುದನ್ನು ಗಮನಿಸಬೇಕು. ಪೆಟ್ರೋಲಿನ ಬೆಲೆ ಗ್ಯಾಲನ್ನಿಗೆ ಇಡೀ ಒಂದು ಡಾಲರ್ ಏರಿದರೂ ಹೆಚ್ಚುವುದು 100 ಡಾಲರ್. ಅದೇ ಒಂದು ದಿನ ಹೆಚ್ಚಾದರೆ ಕಾರು, ಕೋಣೆ, ಊಟ ಸೇರಿ 265 ಡಾಲರ್ ಹೆಚ್ಚುತ್ತದೆ. ಇನ್ನು ಮನೆಯಂತೆ ಸಜ್ಜಾದ ಆರ್‌ವಿ ವಾಹನದಲ್ಲಿ ಹೋಗಿ ಕೋಣೆಯ ಖರ್ಚು ಉಳಿಸುತ್ತೇವೆ ಎನ್ನುವವರಿಗೆ ಈ ಲೆಕ್ಕ ಬೇರೆಯೇ ಆಗುತ್ತದೆ: ಗ್ಯಾಲನ್ನಿಗೆ 10 ಮೈಲಿಯಷ್ಟೇ ಓಡುವ ವಾಹನಕ್ಕೆ 300 ಗ್ಯಾಲನ್, ಅಂದರೆ 1,050 ಡಾಲರ್ ಪೆಟ್ರೋಲಿಗೇ ಹೋಗುತ್ತದೆ, ವಾಹನದ ಬಾಡಿಗೆಯೂ ಹೆಚ್ಚು, ರಾತ್ರಿ ನಿಲ್ಲಿಸುವ ಶಿಬಿರದ ಜಾಗಕ್ಕೂ ಶುಲ್ಕವಿರುತ್ತದೆ. ಅರಿಜೋನದ ಓಟ್‌ಮನ್ ಊರಿನ ಬಳಿಯ ಕಡಿದಾದ ಘಟ್ಟದ ದಾರಿಯಲ್ಲಿ 40 ಅಡಿಗಿಂತ ಉದ್ದದ ವಾಹನಗಳಿಗೆ ಪ್ರವೇಶವೂ ಇಲ್ಲ. ಮಕ್ಕಳೊಂದಿಗೆ ನಾಲ್ಕೈದು ಜನ ಹೋಗುವಾಗ ಮಾತ್ರ ಆರ್‌ವಿಯ ಲೆಕ್ಕವನ್ನು ಕೂಡಿಸಿ ನೋಡುವುದು ಸಾರ್ಥಕ.

ಹಣ ಸಾಲದಿದ್ದರೆ ಏನು ಕಡಿಮೆ ಮಾಡಬೇಕು

ಹೆಚ್ಚಿನವರು ದಿನಗಳನ್ನು ಕಡಿಮೆ ಮಾಡುತ್ತಾರೆ. ಹದಿನಾಲ್ಕು ದಿನದ ಪ್ರಯಾಣವನ್ನು ಹತ್ತಕ್ಕೆ ಇಳಿಸಿದರೆ ಸಾವಿರ ಡಾಲರಿಗಿಂತ ಹೆಚ್ಚು ಉಳಿಯುವುದು ನಿಜ. ಆದರೆ ಆಗ ದಿನಕ್ಕೆ 300 ಮೈಲಿ ಓಡಬೇಕು. ಅಷ್ಟು ದೂರ ಹಳೆಯ ರಸ್ತೆಯಲ್ಲಿ ಸಾಗದು, ಮಧ್ಯಾಹ್ನದ ಹೊತ್ತಿಗೆ ನೀವು ಇಂಟರ್‌ಸ್ಟೇಟಿಗೆ ಏರಿರುತ್ತೀರಿ. ನಾಲ್ಕು ಸಾವಿರ ಡಾಲರ್ ಖರ್ಚು ಮಾಡಿ, ನೋಡಲೆಂದು ಹೊರಟ ರಸ್ತೆಯನ್ನೇ ನೋಡದೆ ಬರುವುದು ಉಳಿತಾಯವಲ್ಲ. ಅದಕ್ಕಿಂತ ಹೆದ್ದಾರಿಯ ಒಂದು ಭಾಗವನ್ನು ಆರಿಸಿಕೊಂಡು ಅದನ್ನು ಸಾವಧಾನವಾಗಿ ನೋಡುವುದು ಎಷ್ಟೋ ಮೇಲು.

ಒಂದು ವಾರವಷ್ಟೇ ಇರುವವರಿಗೆ ನನ್ನ ಸಲಹೆ ನ್ಯೂ ಮೆಕ್ಸಿಕೊದ ಆಲ್ಬುಕರ್ಕಿಯಿಂದ ಸಾಂಟಾ ಮೋನಿಕಾವರೆಗಿನ ಪಶ್ಚಿಮದ ಭಾಗ. ಗ್ರ್ಯಾಂಡ್ ಕ್ಯಾನ್ಯನ್ ಸೇರಿ ಸುಮಾರು 1,000 ಮೈಲಿಯ ಈ ಪ್ರಯಾಣದಲ್ಲಿ ಅರಿಜೋನದ ಸೆಲಿಗ್ಮನ್ ಊರಿನಿಂದ ಕ್ಯಾಲಿಫೋರ್ನಿಯಾದ ಗಡಿಯತ್ತ ಹೋಗುವ, ಎಡೆಬಿಡದೆ ಉಳಿದುಕೊಂಡಿರುವ ಉದ್ದನೆಯ ಹಳೆಯ ರಸ್ತೆ ಸಿಗುತ್ತದೆ. ಸೆಲಿಗ್ಮನ್ನಿನ ಕ್ಷೌರಿಕ ಏಂಜಲ್ ಡೆಲ್ಗಡಿಲ್ಲೊ ಮತ್ತು ಅವರ ಜೊತೆಗಾರರು 1987ರಲ್ಲಿ ಸಂಘ ಕಟ್ಟಿಕೊಂಡು, ಈ ತುಂಡನ್ನು ಐತಿಹಾಸಿಕ ಮಾರ್ಗವೆಂದು ರಾಜ್ಯವು ಗುರುತಿಸುವಂತೆ ಮಾಡಿದ್ದರಿಂದಲೇ ಇಂದು ಅಲ್ಲಿ ಪ್ರವಾಸಿಗರಿದ್ದಾರೆ. ಮೇಲಿನ ದರಗಳಲ್ಲಿಯೇ ಲೆಕ್ಕ ಹಾಕಿದರೆ ಇಬ್ಬರಿಗೆ ಇದು 2,500 ಡಾಲರಿನ ಆಸುಪಾಸಿನಲ್ಲಿ ಮುಗಿಯುತ್ತದೆ. ಪೂರ್ವದವರಿಗೆ ಶಿಕಾಗೋದಿಂದ ಒಕ್ಲಹೋಮ ಸಿಟಿಯವರೆಗಿನ ಭಾಗವೂ ಒಂದು ವಾರಕ್ಕೆ ಹೊಂದುತ್ತದೆ. ಅಲ್ಲಿ ಮರುಭೂಮಿ ಇಲ್ಲ, ಆದರೆ ಒಂದರ ಹಿಂದೊಂದು ಸಣ್ಣ ಊರುಗಳಿವೆ.

ಬಾಡಿಗೆ ಕಾರು

ಒಂದೂರಿನಲ್ಲಿ ಪಡೆದು ಇನ್ನೊಂದೂರಿನಲ್ಲಿ ಬಿಡುವ ಶುಲ್ಕವನ್ನು ನೋಡಿ ಗಾಬರಿಯಾಗಿ, ಹೊರಟಲ್ಲಿಗೇ ಹಿಂದಿರುಗುತ್ತೇವೆ ಎನ್ನುವವರಿದ್ದಾರೆ. ಸಾಂಟಾ ಮೋನಿಕಾಗೆ ಹೊಂದಿಕೊಂಡ ಲಾಸ್ ಏಂಜಲೀಸ್‌ನಿಂದ ಶಿಕಾಗೋಗೆ ಇಂಟರ್‌ಸ್ಟೇಟಿನಲ್ಲೇ ಬಂದರೂ ಸುಮಾರು 2,000 ಮೈಲಿ. ಅದಕ್ಕೆ 67 ಗ್ಯಾಲನ್ ಪೆಟ್ರೋಲು ಎಂದರೆ 235 ಡಾಲರ್, ಮೂರು ರಾತ್ರಿಯ ಕೋಣೆಗೆ 315, ಮೂರು ದಿನದ ಊಟಕ್ಕೆ 300, ಕಾರಿನ ಬಾಡಿಗೆಗೆ 180. ಒಟ್ಟು ಸಾವಿರ ದಾಟುತ್ತದೆ, ದಣಿವು ಬೇರೆ. ಆದ್ದರಿಂದ ಬಿಡುವ ಶುಲ್ಕ ಏಳೆಂಟು ನೂರು ಡಾಲರ್ ಆದರೂ, ಮರಳಲು ವಿಮಾನದ ಟಿಕೆಟ್ಟು ಅಗ್ಗವಾಗಿ ಸಿಗುವುದಾದರೆ, ಕಾರನ್ನು ಅಲ್ಲೇ ಬಿಡುವುದು ಲಾಭ. ಈ ಶುಲ್ಕ ಕಂಪನಿಯಿಂದ ಕಂಪನಿಗೆ, ತಿಂಗಳಿನಿಂದ ತಿಂಗಳಿಗೆ ಬಹಳ ಬದಲಾಗುತ್ತದೆ; ಕಾರನ್ನು ಪಡೆಯುವ ದಿನವನ್ನು ಒಂದೆರಡು ದಿನ ಹಿಂದೆ ಮುಂದೆ ಮಾಡಿ, ವಿಮಾನ ನಿಲ್ದಾಣದ ಬದಲು ಊರೊಳಗಿನ ಕಚೇರಿಯಿಂದ ಪಡೆಯುವಂತೆಯೂ ಹುಡುಕಿ ನೋಡಬೇಕು, ಏಕೆಂದರೆ ನಿಲ್ದಾಣದ ಕಚೇರಿಗಳಲ್ಲಿ ತೆರಿಗೆ ಮತ್ತು ಇತರ ಶುಲ್ಕಗಳು ಸಾಮಾನ್ಯವಾಗಿ ಹೆಚ್ಚು.

ಶಿಕಾಗೋದಲ್ಲಿ ಒಂದೆರಡು ದಿನ ಉಳಿಯುವವರು ಆ ದಿನಗಳಲ್ಲಿ ಕಾರನ್ನು ಪಡೆಯಲೇಬಾರದು. ನಗರದ ನಡುವೆ ಪಾರ್ಕಿಂಗ್ ದುಬಾರಿ, ಹೋಟೆಲುಗಳೂ ರಾತ್ರಿಯ ಪಾರ್ಕಿಂಗಿಗೆ ಬೇರೆಯಾಗಿ ಹಣ ತೆಗೆದುಕೊಳ್ಳುತ್ತವೆ, ಮತ್ತು ಅಲ್ಲಿ ರೈಲಿನಲ್ಲಿಯೇ ಎಲ್ಲೆಡೆ ಓಡಾಡಬಹುದು. ಹೊರಡುವ ಬೆಳಿಗ್ಗೆ ಕಾರು ಪಡೆದರೆ ಸಾಕು.

ಒಪ್ಪಂದದಲ್ಲಿ ಮೈಲಿಗಳಿಗೆ ಮಿತಿ ಇಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಿ. ಇಪ್ಪತ್ತೈದು ವರ್ಷದೊಳಗಿನವರು ಕಾರು ಓಡಿಸುವುದಾದರೆ ದಿನದ ಲೆಕ್ಕದಲ್ಲಿ ಹೆಚ್ಚುವರಿ ಶುಲ್ಕವಿರುತ್ತದೆ. 14 ದಿನಕ್ಕೆ ಅದು ದೊಡ್ಡ ಮೊತ್ತವಾಗುವುದರಿಂದ ಹಿರಿಯರ ಹೆಸರಿನಲ್ಲಿ ಕಾರು ಪಡೆದು ಅವರೇ ಓಡಿಸುವುದು ಒಳ್ಳೆಯದು. ವಿಮೆಯ ವಿಷಯದಲ್ಲಿ ಮಾತ್ರ ಜಿಪುಣತನ ಸಲ್ಲದು. ಅಮೆರಿಕದಲ್ಲಿ ನೆಲೆಸಿ ಸ್ವಂತ ಕಾರು ಇಟ್ಟುಕೊಂಡವರಿಗೆ ತಮ್ಮ ಕಾರಿನ ವಿಮೆಯೋ ಕ್ರೆಡಿಟ್ ಕಾರ್ಡಿನ ಸೌಲಭ್ಯವೋ ಬಾಡಿಗೆ ಕಾರಿಗೂ ಅನ್ವಯಿಸಬಹುದು. ಅದನ್ನು ಮೊದಲೇ ಕೇಳಿ ತಿಳಿದುಕೊಂಡರೆ ಕೌಂಟರಿನಲ್ಲಿ ದಿನದ ಲೆಕ್ಕದಲ್ಲಿ ಮಾರುವ ವಿಮೆ ಬೇಡವಾಗುತ್ತದೆ. ಹೊರದೇಶದಿಂದ ಬಂದವರಿಗೆ ಆ ಆಸರೆ ಇರುವುದಿಲ್ಲವಾದ್ದರಿಂದ, ಕಾರಿನ ಹಾನಿಗೂ ಎದುರಿನವರಿಗಾಗುವ ನಷ್ಟಕ್ಕೂ ವಿಮೆ ಸೇರಿದ ದರವನ್ನೇ ಕಾಯ್ದಿರಿಸುವಾಗ ಆರಿಸಿಕೊಳ್ಳಬೇಕು. ಇನ್ನೊಂದು ಸೂಕ್ಷ್ಮವೂ ಇದೆ. ಟೆಕ್ಸಸ್ ಗಡಿಯ ಗ್ಲೆನ್‌ರಿಯೊದಿಂದ ನ್ಯೂ ಮೆಕ್ಸಿಕೊದ ಸ್ಯಾನ್ ಹೋನ್‌ವರೆಗೆ ಹಳೆಯ ರಸ್ತೆ ಡಾಂಬರಿಲ್ಲದ ಜಲ್ಲಿಯ ದಾರಿ. ಹೆಚ್ಚಿನ ಬಾಡಿಗೆ ಒಪ್ಪಂದಗಳು ಅಂತಹ ದಾರಿಯಲ್ಲಿ ಕಾರನ್ನು ಒಯ್ಯುವುದನ್ನು ನಿಷೇಧಿಸುತ್ತವೆ. ಅಲ್ಲಿ ಆದ ಹಾನಿ ಪೂರ್ತಿ ನಿಮ್ಮ ತಲೆಗೇ ಬರುವುದರಿಂದ ಆ ತುಂಡನ್ನು ಬಿಟ್ಟು ಇಂಟರ್‌ಸ್ಟೇಟ್ 40ರಲ್ಲಿ ಹೋಗಿ.

ಪೆಟ್ರೋಲು ಮತ್ತು ಟೋಲು

ಪೆಟ್ರೋಲನ್ನು ಅಲ್ಲಿ ಗ್ಯಾಸ್ ಎನ್ನುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಅದರ ಬೆಲೆ ದಾರಿಯ ಉಳಿದೆಲ್ಲ ರಾಜ್ಯಗಳಿಗಿಂತ ಎದ್ದು ಕಾಣುವಷ್ಟು ಹೆಚ್ಚು. ಒಕ್ಲಹೋಮ ಮತ್ತು ಟೆಕ್ಸಸ್‌ಗಳಲ್ಲಿ ಸಾಮಾನ್ಯವಾಗಿ ಕಡಿಮೆ. ಆದ್ದರಿಂದ ಅರಿಜೋನ ಬಿಟ್ಟು ಕೊಲರಾಡೊ ನದಿಯನ್ನು ದಾಟುವ ಮೊದಲೇ ಟ್ಯಾಂಕ್ ತುಂಬಿಸಿಕೊಳ್ಳಬೇಕು. ನದಿಯಾಚೆಯ ನೀಡಲ್ಸ್ ಊರಿನಲ್ಲೂ ಮೊಹಾವಿ ಮರುಭೂಮಿಯ ನಡುವಿನ ಆಂಬಾಯ್‌ನಲ್ಲೂ ಪೆಟ್ರೋಲು ಬಹಳ ದುಬಾರಿ. ಈ ಮರುಭೂಮಿಯ ಭಾಗದಲ್ಲಿ ಮಳೆಯ ಪ್ರವಾಹಕ್ಕೆ ಕಿರುಸೇತುವೆಗಳು ಹಾಳಾಗಿ ರಸ್ತೆ ಮುಚ್ಚಿರುವುದುಂಟು. ಬಳಸಿ ಹೋಗಲು ಬೇಕಾಗುವ ಹೆಚ್ಚುವರಿ ಮೈಲಿಗಳನ್ನೂ ಗಮನದಲ್ಲಿಟ್ಟುಕೊಂಡು, ಅರ್ಧ ಟ್ಯಾಂಕಿಗಿಂತ ಕೆಳಗಿಳಿಯದಂತೆ ನೋಡಿಕೊಳ್ಳಿ.

ಟೋಲು ತಪ್ಪಿಸಿಕೊಳ್ಳುವುದು ಈ ಪ್ರವಾಸದಲ್ಲಿ ಸುಲಭ, ಏಕೆಂದರೆ ಹಳೆಯ ರಸ್ತೆಗೆ ಟೋಲೇ ಇಲ್ಲ. ಒಕ್ಲಹೋಮದಲ್ಲಿ ಇಂಟರ್‌ಸ್ಟೇಟ್ 44 ಎನಿಸಿಕೊಳ್ಳುವ ವಿಲ್ ರೋಜರ್ಸ್ ಟರ್ನ್‌ಪೈಕ್ ಮತ್ತು ಟರ್ನರ್ ಟರ್ನ್‌ಪೈಕ್ ಎರಡೂ ಟೋಲು ರಸ್ತೆಗಳು. ಅವುಗಳಿಗೆ ಸಮಾನಾಂತರವಾಗಿ ರೂಟ್ 66 ಪುಕ್ಕಟೆಯಾಗಿ, ಚೆನ್ನಾಗಿಯೇ ಇದೆ. ಟೋಲು ರಸ್ತೆಯಲ್ಲಿ ನಗದು ತೆಗೆದುಕೊಳ್ಳುವ ಕಟ್ಟೆಗಳಿಲ್ಲ, ಕ್ಯಾಮರಾ ನಂಬರ್ ಪ್ಲೇಟಿನ ಚಿತ್ರ ತೆಗೆದು ಬಿಲ್ಲು ಕಳಿಸುತ್ತದೆ. ಬಾಡಿಗೆ ಕಾರಾದರೆ ಆ ಬಿಲ್ಲು ಕಂಪನಿಗೆ ಹೋಗಿ, ಅವರು ತಮ್ಮ ನಿರ್ವಹಣಾ ಶುಲ್ಕವನ್ನೂ ಸೇರಿಸಿ ನಿಮ್ಮ ಕಾರ್ಡಿನಿಂದ ತೆಗೆದುಕೊಳ್ಳುತ್ತಾರೆ; ಕೆಲವೊಮ್ಮೆ ಟೋಲಿಗಿಂತ ಈ ಶುಲ್ಕವೇ ಹೆಚ್ಚಿರುತ್ತದೆ. ಫೋನಿನ ನಕ್ಷೆಯಲ್ಲಿ ಟೋಲು ರಸ್ತೆ ಬೇಡವೆಂಬ ಆಯ್ಕೆಯನ್ನು ಮೊದಲ ದಿನವೇ ಮಾಡಿಡಿ.

ಕೋಣೆ

ಈ ರಸ್ತೆಯ ಜೀವ ಉಳಿದಿರುವುದೇ ಹಳೆಯ ಮೋಟೆಲುಗಳಲ್ಲಿ, ಅಂದರೆ ವಾಹನದವರು ತಂಗುವ ರಸ್ತೆಬದಿಯ ವಸತಿಗಳಲ್ಲಿ. ನ್ಯೂ ಮೆಕ್ಸಿಕೊದ ಟುಕುಮ್‌ಕಾರಿಯಲ್ಲಿರುವ, ನಿಯಾನ್ ದೀಪದ ನೀಲಿ ಹಕ್ಕಿಯ ಬ್ಲೂ ಸ್ವಾಲೋ, ಅರಿಜೋನದ ಹೋಲ್‌ಬ್ರೂಕಿನಲ್ಲಿ ಕಾಂಕ್ರೀಟಿನ ಶಂಕುವಿನಾಕಾರದ ಗುಡಾರಗಳಂತೆ ಕಟ್ಟಿದ ವಿಗ್‌ವಾಮ್ ಇವೆಲ್ಲ ಕುಟುಂಬಗಳು ಕಷ್ಟಪಟ್ಟು ಕಾಪಾಡಿಕೊಂಡು ಬಂದ ಜಾಗಗಳು. ಅವು ಯಾವಾಗಲೂ ಅಗ್ಗವಲ್ಲ, ಕೋಣೆಗಳೂ ಕೆಲವೇ ಇರುವುದರಿಂದ ತಿಂಗಳುಗಳ ಮೊದಲೇ ತುಂಬಿಹೋಗುತ್ತವೆ. ಹೆದ್ದಾರಿಗೆ ನೂರು ತುಂಬುವ 2026ರಲ್ಲಂತೂ ಬೇಗನೆ ಕಾಯ್ದಿರಿಸುವುದು ಅಗತ್ಯ. ಹದಿನಾಲ್ಕು ರಾತ್ರಿಗಳಲ್ಲಿ ನಾಲ್ಕನ್ನು ಇಂತಹ ಮೋಟೆಲುಗಳಿಗೆ ಮೀಸಲಿಟ್ಟು, ಅವುಗಳನ್ನು ಮೊದಲು ಕಾಯ್ದಿರಿಸಿ, ಉಳಿದ ರಾತ್ರಿಗಳನ್ನು ಅವುಗಳ ನಡುವೆ ಹೊಂದಿಸಿಕೊಳ್ಳುವುದು ಒಳ್ಳೆಯ ವಿಧಾನ. ಎಲ್ಲಾದರೂ ಹಣ ಉಳಿಸಲೇಬೇಕೆಂದರೆ ಉಳಿದ ಹತ್ತು ರಾತ್ರಿಗಳಲ್ಲಿ ಉಳಿಸಿ, ಈ ನಾಲ್ಕರಲ್ಲಿ ಬೇಡ.

ಆ ಹತ್ತು ರಾತ್ರಿಗಳಿಗೆ ದೊಡ್ಡ ಅಥವಾ ಬೇಡಿಕೆಯ ಊರುಗಳನ್ನು ದಾಟಿ ಸಣ್ಣ ಊರುಗಳಲ್ಲಿ ಉಳಿಯಿರಿ. ಬೇಸಿಗೆಯ ವಾರಾಂತ್ಯದಲ್ಲಿ ಅರಿಜೋನದ ಫ್ಲ್ಯಾಗ್‌ಸ್ಟಾಫ್‌ಗಿಂತ ವಿನ್ಸ್ಲೋ ಅಥವಾ ಹೋಲ್‌ಬ್ರೂಕ್ ಜೇಬಿಗೆ ಹಗುರ. 1937ಕ್ಕಿಂತ ಹಿಂದೆ ಹೆದ್ದಾರಿ ಸಾಂಟಾ ಫೆ ನಗರವನ್ನು ಸುತ್ತಿ ಬರುತ್ತಿತ್ತು, ಆಮೇಲೆ ನೇರವಾಗಿ ಆಲ್ಬುಕರ್ಕಿಗೆ ಹೋಗತೊಡಗಿತು. ಸಾಂಟಾ ಫೆ ಸುಂದರವಾದ ಊರು, ಆದರೆ ಕೋಣೆಗಳು ದುಬಾರಿ, ಆದ್ದರಿಂದ ಹಗಲಿನಲ್ಲಿ ನೋಡಿ ಸಂಜೆಗೆ ಮುಂದೆ ಸಾಗಬಹುದು. ಅಕ್ಟೋಬರ್ ತಿಂಗಳ ಮೊದಲ ಭಾಗದಲ್ಲಿ ಆಲ್ಬುಕರ್ಕಿಯಲ್ಲಿ ಬಿಸಿಗಾಳಿ ಬಲೂನುಗಳ ದೊಡ್ಡ ಉತ್ಸವ ನಡೆಯುತ್ತದೆ; ಅದನ್ನೇ ನೋಡಲು ಹೋಗುವವರಲ್ಲದಿದ್ದರೆ ಆ ದಿನಗಳಲ್ಲಿ ಅಲ್ಲಿ ರಾತ್ರಿ ಉಳಿಯುವ ಯೋಜನೆ ಬೇಡ. ತೋರಿಸಿದ ದರಕ್ಕೆ ಕೋಣೆಯ ತೆರಿಗೆ ಬೇರೆ ಸೇರುತ್ತದೆ ಎಂಬುದನ್ನು ಮರೆಯಬಾರದು.

ಊಟ

ಊಟದ ಅಂದಾಜು ಕೆಡುವುದು ಪಟ್ಟಿಯಲ್ಲಿ ಬರೆದ ಬೆಲೆಯನ್ನೇ ನಂಬಿದಾಗ. ಅಮೆರಿಕದಲ್ಲಿ ಪಟ್ಟಿಯ ಬೆಲೆಗೆ ಮಾರಾಟ ತೆರಿಗೆ ಸೇರಿರುವುದಿಲ್ಲ, ಬಡಿಸುವವರಿಗೆ ನೂರಕ್ಕೆ 15ರಿಂದ 20ರಷ್ಟು ಟಿಪ್ಸ್ ಕೊಡುವುದು ವಾಡಿಕೆ. ತೆರಿಗೆ ನೂರಕ್ಕೆ ಎಂಟು, ಟಿಪ್ಸ್ ಹದಿನೆಂಟು ಎಂದಿಟ್ಟುಕೊಂಡರೆ 15 ಡಾಲರಿನ ಊಟಕ್ಕೆ ಕೈಯಿಂದ ಹೋಗುವುದು ಸುಮಾರು 19 ಡಾಲರ್. ಆದ್ದರಿಂದ ಪಟ್ಟಿಯ ಬೆಲೆಗೆ ಯಾವಾಗಲೂ ಕಾಲು ಭಾಗ ಸೇರಿಸಿಯೇ ಯೋಚಿಸಿ. ಟಿಪ್ಸ್ ಕೊಡದೆ ಉಳಿಸುವುದು ಸರಿಯಲ್ಲ, ಅದು ಅವರ ಸಂಬಳದ ಭಾಗ.

ದಿನಕ್ಕೆ ಒಂದು ಹೊತ್ತು ಮಾತ್ರ ಡೈನರ್ ಎನ್ನುವ ರಸ್ತೆಬದಿಯ ಹಳೆಯ ಸಾದಾ ಹೋಟೆಲಿನಲ್ಲಿ ಕುಳಿತು ಉಣ್ಣುವುದು, ಉಳಿದದ್ದನ್ನು ದಿನಸಿ ಅಂಗಡಿಯಿಂದ ಕೊಂಡುಕೊಳ್ಳುವುದು ಎಂದು ನಿಯಮ ಮಾಡಿಕೊಂಡರೆ ತಲೆಗೆ 50 ಡಾಲರಿನಲ್ಲಿ ಚೆನ್ನಾಗಿಯೇ ಸಾಗುತ್ತದೆ. ಮೊದಲ ದಿನವೇ ಒಂದು ಸಾಧಾರಣ ಕೂಲರ್ ಪೆಟ್ಟಿಗೆ ಕೊಳ್ಳಿ. ಅನೇಕ ಮೋಟೆಲುಗಳಲ್ಲಿ ಮಂಜುಗಡ್ಡೆಯ ಯಂತ್ರವಿದ್ದು, ಅತಿಥಿಗಳು ಹಣ ಕೊಡದೆ ತುಂಬಿಕೊಳ್ಳಬಹುದು. ಸಸ್ಯಾಹಾರಿಗಳಿಗೆ ಈ ಪೆಟ್ಟಿಗೆ ಅನಿವಾರ್ಯವೇ ಸರಿ, ಏಕೆಂದರೆ ಸಣ್ಣ ಊರಿನ ಡೈನರುಗಳಲ್ಲಿ ಅವರಿಗೆ ಸಿಗುವುದು ಆಲೂಗಡ್ಡೆ, ಬ್ರೆಡ್ಡು, ಪೈ ಇಷ್ಟೇ ಆಗಿರಬಹುದು. ಮೊಸರು, ಹಣ್ಣು, ಬೇಯಿಸಿದ ಕಾಳು ಜೊತೆಯಲ್ಲಿದ್ದರೆ ಬಿಸಿ ಊಟಕ್ಕಾಗಿ ದುಬಾರಿ ಜಾಗ ಹುಡುಕುವ ಪ್ರಮೇಯ ಬರುವುದಿಲ್ಲ. ನ್ಯೂ ಮೆಕ್ಸಿಕೊ ತಲುಪಿದ ಮೇಲೆ ರಾಜ್ಮಾದಂತಹ ಕಾಳು ಮತ್ತು ಹಸಿಮೆಣಸಿನ ಅಡುಗೆಗಳಿಂದಾಗಿ ಪರಿಸ್ಥಿತಿ ಸುಧಾರಿಸುತ್ತದೆ.

ಪ್ರವೇಶ ಶುಲ್ಕ

ನೋಡತಕ್ಕ ಅನೇಕ ಜಾಗಗಳಿಗೆ ಹಣವೇ ಬೇಡ. ಟೆಕ್ಸಸ್‌ನ ಅಮರಿಲ್ಲೊ ಬಳಿ ಹೊಲದಲ್ಲಿ ಮೂತಿ ಕೆಳಗಾಗಿ ಹೂತಿಟ್ಟ ಹತ್ತು ಕ್ಯಾಡಿಲ್ಯಾಕ್ ಕಾರುಗಳ 1974ರ ಕಲಾಕೃತಿ, ಒಕ್ಲಹೋಮದ ಕಟೂಸಾದ ನೀಲಿ ತಿಮಿಂಗಿಲದ ಆಕೃತಿ, ಮಿಸಿಸಿಪ್ಪಿ ನದಿಯ ನಡುವೆ ಬಾಗಿ ಸಾಗುವ, ಈಗ ನಡೆಯುವವರಿಗೂ ಸೈಕಲ್ಲಿನವರಿಗೂ ಮೀಸಲಾದ ಚೈನ್ ಆಫ್ ರಾಕ್ಸ್ ಸೇತುವೆ ಎಲ್ಲವೂ ಪುಕ್ಕಟೆ. ಮಿಸೌರಿಯ ಮೆರಮೆಕ್ ಗುಹೆಗಳು, ಅರಿಜೋನದ ಉಲ್ಕಾಕುಳಿ ಖಾಸಗಿಯವರ ಒಡೆತನದವಾದ್ದರಿಂದ ಅಲ್ಲಿ ಬೇರೆ ಟಿಕೆಟ್ಟು ಬೇಕು, ರಾಷ್ಟ್ರೀಯ ಉದ್ಯಾನಗಳ ವಾರ್ಷಿಕ ಪಾಸು ನಡೆಯುವುದಿಲ್ಲ.

ಪಾಸಿನ ಲೆಕ್ಕವನ್ನು ಮಾತ್ರ ಕುಳಿತು ಮಾಡಬೇಕು. ದಾರಿಯಲ್ಲಿ ಕಾರಿನ ಲೆಕ್ಕದಲ್ಲಿ ಶುಲ್ಕ ಪಡೆಯುವ ಎರಡು ರಾಷ್ಟ್ರೀಯ ಉದ್ಯಾನಗಳು ಸಿಗುತ್ತವೆ: ರೂಟ್ 66ರ ತುಂಡೊಂದನ್ನು ತನ್ನೊಳಗೇ ಉಳಿಸಿಕೊಂಡಿರುವ ಪೆಟ್ರಿಫೈಡ್ ಫಾರೆಸ್ಟ್, ಕಾರೊಂದಕ್ಕೆ 25 ಡಾಲರ್, ವಿಲಿಯಮ್ಸ್‌ನಿಂದ 60 ಮೈಲಿ ದೂರದ ಗ್ರ್ಯಾಂಡ್ ಕ್ಯಾನ್ಯನ್, ಕಾರೊಂದಕ್ಕೆ 35 ಡಾಲರ್. ಅಮೆರಿಕದ ನಿವಾಸಿಗಳಿಗೆ ಒಟ್ಟು 60 ಆಗುವುದರಿಂದ, ವರ್ಷದೊಳಗೆ ಬೇರೆ ಉದ್ಯಾನಕ್ಕೆ ಹೋಗುವುದಿಲ್ಲವಾದರೆ 80 ಡಾಲರಿನ ವಾರ್ಷಿಕ ಪಾಸು ಬೇಡ. 2026ರ ಜನವರಿ 1ರಿಂದ ಹೊರದೇಶದವರಿಗೆ ನಿಯಮ ಬದಲಾಗಿದೆ: ಗ್ರ್ಯಾಂಡ್ ಕ್ಯಾನ್ಯನ್ ಸೇರಿದಂತೆ ಹನ್ನೊಂದು ಉದ್ಯಾನಗಳಲ್ಲಿ ಪಾಸಿಲ್ಲದ ಹೊರದೇಶದ ವಯಸ್ಕರು ಸಾಮಾನ್ಯ ಶುಲ್ಕದ ಮೇಲೆ ತಲೆಗೆ 100 ಡಾಲರ್ ಕೊಡಬೇಕು, ಅವರ ವಾರ್ಷಿಕ ಪಾಸಿನ ಬೆಲೆ 250 ಡಾಲರ್. ಇಬ್ಬರಿಗೆ ಎರಡೂ ಉದ್ಯಾನಗಳನ್ನು ಬಿಡಿಯಾಗಿ ನೋಡಿದರೆ 25, 35, 200 ಸೇರಿ 260 ಆಗುತ್ತದೆ. ಆದ್ದರಿಂದ ಪಾಸೇ ಅಗ್ಗ. ಒಬ್ಬರೇ ಹೋಗುವುದಾದರೆ 160ರಲ್ಲಿ ಮುಗಿಯುವುದರಿಂದ ಪಾಸು ಬೇಡ.

ಹಣವನ್ನು ಒಯ್ಯುವುದು, ಲೆಕ್ಕ ಇಡುವುದು

ಬಾಡಿಗೆ ಕಾರಿನವರೂ ಮೋಟೆಲಿನವರೂ ಮುಂಗಡವೆಂದು ಒಂದಿಷ್ಟು ಹಣವನ್ನು ಕಾರ್ಡಿನಲ್ಲಿ ತಡೆಹಿಡಿಯುತ್ತಾರೆ. ಡೆಬಿಟ್ ಕಾರ್ಡಾದರೆ ಆ ಹಣ ಹಲವು ದಿನ ಕೈಗೆ ಸಿಗದೆ ಹೋಗಬಹುದು. ಇದಕ್ಕೆ ಕ್ರೆಡಿಟ್ ಕಾರ್ಡನ್ನೇ ಬಳಸಬೇಕು. ಪೆಟ್ರೋಲ್ ಪಂಪಿನಲ್ಲಿ ಯಂತ್ರವು ಅಮೆರಿಕದ ಪಿನ್‌ಕೋಡ್ ಕೇಳುವುದರಿಂದ ಹೊರದೇಶದ ಕಾರ್ಡುಗಳು ಅಲ್ಲಿ ನಡೆಯದೇ ಹೋಗಬಹುದು. ಒಳಗೆ ಹೋಗಿ ಪಂಪಿನ ಸಂಖ್ಯೆ ಹೇಳಿ ಮುಂಚಿತವಾಗಿ ಹಣ ಕೊಟ್ಟರೆ ಸಾಕು. ಸಣ್ಣ ಅಂಗಡಿ, ವಸ್ತುಸಂಗ್ರಹಾಲಯದ ಕಾಣಿಕೆ ಡಬ್ಬಿ, ಬಟ್ಟೆ ಒಗೆಯುವ ಯಂತ್ರ ಇವುಗಳಿಗೆ ಸಣ್ಣ ನೋಟುಗಳೂ 25 ಸೆಂಟಿನ ನಾಣ್ಯಗಳೂ ಇರಲಿ.

ಪ್ರತಿ ರಾತ್ರಿ ಮಲಗುವ ಮೊದಲು ಆ ದಿನದ ಖರ್ಚನ್ನು ಬರೆದಿಡಿ, ಐದು ನಿಮಿಷದ ಕೆಲಸ. ಟೆಕ್ಸಸ್‌ನ ಏಡ್ರಿಯನ್ ಎಂಬ ಪುಟ್ಟ ಊರಿನಲ್ಲಿ, ಶಿಕಾಗೋಗೂ ಲಾಸ್ ಏಂಜಲೀಸ್‌ಗೂ ತಲಾ 1,139 ಮೈಲಿ ಎಂದು ಬರೆದ ಫಲಕವಿದೆ. ಅಲ್ಲಿ ಫೋಟೊ ತೆಗೆಸಿಕೊಂಡ ಮೇಲೆ ಕುಳಿತು ಒಟ್ಟು ಲೆಕ್ಕವನ್ನು ನೋಡಿ. ದಾರಿ ಅರ್ಧ ಮುಗಿದಿದ್ದರೂ ಹಣ ಅರ್ಧಕ್ಕಿಂತ ಹೆಚ್ಚು ಉಳಿದಿರಬೇಕು, ಏಕೆಂದರೆ ಸಾಂಟಾ ಫೆ, ಗ್ರ್ಯಾಂಡ್ ಕ್ಯಾನ್ಯನ್, ಕ್ಯಾಲಿಫೋರ್ನಿಯಾದ ಪೆಟ್ರೋಲು, ಲಾಸ್ ಏಂಜಲೀಸ್‌ನ ಕೊನೆಯ ರಾತ್ರಿ ಎಲ್ಲವೂ ಮುಂದಿವೆ. ಕಡಿಮೆ ಬಿದ್ದಿದ್ದರೆ ಸರಿಪಡಿಸಿಕೊಳ್ಳಲು ಟುಕುಮ್‌ಕಾರಿ, ಗ್ರ್ಯಾಂಟ್ಸ್, ಗ್ಯಾಲಪ್‌ನಂತಹ ಊರುಗಳ ಸಾಧಾರಣ ಕೋಣೆಗಳು ಇನ್ನೂ ಎದುರಿಗಿವೆ.

ಸಾಂಟಾ ಮೋನಿಕಾದಲ್ಲಿ ಕಡಲೊಳಕ್ಕೆ ಚಾಚಿದ ಕಟ್ಟೆಯಾದ ಪಿಯರಿನ ಬಳಿ ನಿಂತು ನೋಡಿದ ದಿನವೇ ಪೆಟ್ರೋಲು ತುಂಬಿಸಿ ಕಾರನ್ನು ಹಿಂದಿರುಗಿಸಿಬಿಡಿ. ಕಡಿಮೆ ತುಂಬಿದ ಟ್ಯಾಂಕಿಗೆ ಕಂಪನಿಗಳು ಪಂಪಿಗಿಂತ ಹೆಚ್ಚಿನ ದರ ಹಾಕುತ್ತವೆ. ದಾರಿಯಲ್ಲಿ ಎಲ್ಲಾದರೂ ಟೋಲು ರಸ್ತೆಗೆ ಹೊಕ್ಕಿದ್ದರೆ ಅದರ ಬಿಲ್ಲು ವಾರಗಳ ನಂತರ ಬರುವುದುಂಟು, ಆದ್ದರಿಂದ ಆಕಸ್ಮಿಕಕ್ಕೆಂದು ಇಟ್ಟ ಹಣದಲ್ಲಿ ಐವತ್ತು ಡಾಲರನ್ನು ಇನ್ನೆರಡು ತಿಂಗಳು ಹಾಗೆಯೇ ಬಿಟ್ಟಿರಿ.